ತೋಳಕ್ಕೆ ಯಾವ ಬಣ್ಣ ಹಚ್ಚೋಣ?

 

ಇವತ್ತಿನ ವಿಷಯ ಕೇಳಿ ನಗಬ್ಯಾಡ್ರಿ. ತೋಳದ ಚಿತ್ರಕ್ಕೆ ಬಣ್ಣ ಹಚ್ಚೋದು. ಹೌದು, ಕಲರಿಂಗ್ ಬುಕ್. ಇತಿಹಾಸ ಅಂತ ಹೇಳಿ ರಾಷ್ಟ್ರಕೂಟರು, ನಿಜಾಮರು ಎಲ್ಲಾ ಆಯ್ತು, ಈಗ ಮಕ್ಕಳ ಬಣ್ಣದ ಪುಸ್ತಕಕ್ಕ ಬಂದನೇನಪ್ಪ ಇವ ಅಂತ ಅನ್ನಬಹುದು. ಸ್ವಲ್ಪ ಹೊತ್ತು ಕೊಡ್ರಿ.

ಮೊದಲು ಒಂದು ಕೆಲಸ. ಮೊಬೈಲ್‌ನಲ್ಲಿ ತೋಳದ ಕಲರಿಂಗ್ ಪೇಜ್ ಅಂತ ಹುಡುಕ್ರಿ. ನೂರಾರು ಬರ್ತಾವ. ಸಣ್ಣ ಮಕ್ಕಳಿಗೆ ದಪ್ಪ ಗೆರೆಯ, ದುಂಡು ಮುಖದ ಮರಿ. ಸ್ವಲ್ಪ ಕೈ ಪಳಗಿದವರಿಗೆ ಬಂಡೆ ಮೇಲೆ ನಿಂತು ಕತ್ತೆತ್ತಿ ಊಳಿಡುವ ತೋಳ, ಹಿಂದೆ ಹುಣ್ಣಿಮೆ ಚಂದ್ರ. ದೊಡ್ಡವರಿಗೆ ಮುಖದ ತುಂಬ ಬಳ್ಳಿ, ಹೂವು, ಮಂಡಲ ತುಂಬಿದ ತೋಳ. ಕೂದಲು ಕೂದಲಿಗೂ ಬೇರೆ ಗೆರೆ, ಮುಗಿಸಲಿಕ್ಕೆ ವಾರ ಹಿಡೀತದ. ಮೂರೂ ಮಟ್ಟದ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣೋದು ಹಿಮ, ಪೈನ್ ಮರ, ಕುತ್ತಿಗೆಗೆ ಮಫ್ಲರ್ ಸುತ್ತಿದಂಥ ದಟ್ಟ ತುಪ್ಪಳ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಎಷ್ಟಿರ್ತದ ಅಂತ ನಾನೇನು ಹೇಳಬೇಕಾಗಿಲ್ಲ. ಆ ತುಪ್ಪಳ ಹೊದ್ದುಕೊಂಡು ಚಿಂಚೋಳಿ ಗುಡ್ಡದಾಗ ಒಂದು ಪ್ರಾಣಿ ಬದುಕ್ತದೇನ್ರಿ?

ಚಿಂಚೋಳಿಯಲ್ಲಿ ತೋಳ ಇದೆ. 2011ರಲ್ಲಿ ಅಲ್ಲಿಯ 134.88 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮ ಅಂತ ಘೋಷಿಸಿದರು. ಚಂದ್ರಂಪಳ್ಳಿ ಡ್ಯಾಂ ನೋಡಲಿಕ್ಕೆ ಹೋಗಿ ರೀಲ್ಸ್ ಮಾಡಿದವರು ನಿಮ್ಮಲ್ಲೇ ಬಹಳ ಮಂದಿ ಇದ್ದೀರಿ, ಅದೇ ಕಾಡು. ತೋಳದ ಹೆಸರಂತೂ ನಮ್ಮ ಐದು ಊರುಗಳಲ್ಲಿ ನಾಲ್ಕು ಭಾಷೆಯಲ್ಲಿ ಗೊತ್ತು. ಕನ್ನಡದ ತೋಳ, ತೆಲುಗಿನ ತೋಡೇಲು, ಮರಾಠಿಯ ಲಾಂಡಗಾ, ಉರ್ದುವಿನ ಭೇಡಿಯಾ. ಆದರೆ ಅದರ ಬಣ್ಣ ಯಾವುದು ಅಂತ ಗೆಳೆಯರಿಗೆ ಕೇಳಿದೆ. ಒಬ್ಬ ಕಪ್ಪು ಅಂದ, ಒಬ್ಬ ಬೂದು ನೀಲಿ ಅಂದ, ಇನ್ನೊಬ್ಬ ಬಿಳಿ ಅಂದ. ನಮ್ಮ ಹೊಲದ ಬದುವಿನ ಪ್ರಾಣಿ ನಮ್ಮ ಕಣ್ಣಿನಿಂದ ಯಾವಾಗ ಜಾರಿ ಹೋಯ್ತು? ಬೇರೆ ಯಾವುದೋ ದೇಶದ ತೋಳ ಆ ಜಾಗಕ್ಕ ಹೆಂಗ ಬಂತು? ನಾನು ಹುಡುಕಿಕೊಂಡು ಹೋದದ್ದು ಇದನ್ನ.

ಬಣ್ಣದ ಪುಸ್ತಕದಲ್ಲಿ ಗೆರೆ ಒಬ್ಬರದು, ಬಣ್ಣ ಇನ್ನೊಬ್ಬರದು. ಇದು ಅಮೆರಿಕದ ಐಡಿಯಾ ಅಂತ ತಿಳ್ಕೊಂಡವರು ದೀಪಾವಳಿ ದಿವಸ ತಮ್ಮ ಅಂಗಳ ನೋಡಬೇಕು. ಕೈ ನುರಿತ ಅವ್ವನೋ ಅಕ್ಕನೋ ಚುಕ್ಕಿ ಇಟ್ಟು ಗೆರೆ ಎಳೀತಾರ. ಸಣ್ಣ ಹುಡುಗಿಯರು ಒಳಗೆ ಬಣ್ಣದ ಪುಡಿ ತುಂಬ್ತಾರ. ಗೆರೆ ದಾಟಿದ್ರ ಬೈಸಿಕೊಳ್ತಾರ. ಯಾರಿಗೆ ಎಷ್ಟು ಬರ್ತದೋ ಅಷ್ಟು ಕೆಲಸ.

ಇದಕ್ಕೆ ನಮ್ಮ ನೆರೆಯಲ್ಲೇ ಒಂದು ಹಳೆಯ ಪುಸ್ತಕದ ಆಧಾರವೂ ಇದೆ. ಚಿಂಚೋಳಿಯಿಂದ ಆ ಕಡೆ ಬೀದರ್ ಜಿಲ್ಲೆಗೆ ಹೋದರೆ ಬಸವಕಲ್ಯಾಣ. ಅದು ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೇ ಸೋಮೇಶ್ವರ ಅಂತ ಒಬ್ಬ ಅರಸ ಇದ್ದ. ಅವನು 1129ರ ಸುಮಾರಿಗೆ ಮಾನಸೋಲ್ಲಾಸ ಅನ್ನೋ ಸಂಸ್ಕೃತ ಗ್ರಂಥ ಬರೆದ. ನೂರು ಅಧ್ಯಾಯ. ಇಡ್ಲಿಯ ಇತಿಹಾಸ ಹೇಳುವ ಯೂಟ್ಯೂಬ್ ವಿಡಿಯೊಗಳಲ್ಲಿ ಈ ಪುಸ್ತಕದ ಹೆಸರು ಕೇಳಿರಬೇಕು. ಅಡುಗೆ ಭಾಗ ಎಲ್ಲರಿಗೂ ಗೊತ್ತಾಯ್ತು, ಚಿತ್ರದ ಭಾಗ ಯಾರೂ ಹೇಳೋದಿಲ್ಲ. ಗೋಡೆಯನ್ನು ನುಣುಪು ಮಾಡೋದು ಹೇಗೆ, ಚರ್ಮ ಕುದಿಸಿ ಅಂಟು ತೆಗೆಯೋದು ಹೇಗೆ ಅಂತ ಅದರಲ್ಲಿ ವಿವರ ಇದೆ. ಗೆರೆ ಎಳೆಯುವ ಕಡ್ಡಿಯನ್ನು ದೀಪದ ಕಾಡಿಗೆ ಮತ್ತು ಬೆಂದ ಅನ್ನ ಸೇರಿಸಿ ಮಾಡಬೇಕು. ಕುಂಚ ಮೂರು ತರದ್ದು: ದಪ್ಪ, ಮಧ್ಯಮ, ಸೂಕ್ಷ್ಮ. ಮೊದಲು ಗೆರೆ, ಆಮೇಲೆ ಬಣ್ಣ. ಶಂಖದ ಬಿಳಿ, ಹರಿತಾಳದ ಹಳದಿ, ಕಾಡಿಗೆಯ ಕಪ್ಪು. ಇವತ್ತು ಸ್ಟೇಷನರಿ ಅಂಗಡಿಯಲ್ಲಿ ಮೂರು ಸೈಜಿನ ಬ್ರಷ್ಷಿನ ಪ್ಯಾಕೆಟ್ ಕೊಳ್ಳುವಾಗ, ಕಲ್ಯಾಣದ ಅರಸ ಸುಮಾರು 900 ವರ್ಷದ ಹಿಂದೆ ಇದೇ ಲೆಕ್ಕ ಹೇಳಿದ್ದ ಅಂತ ನೆನಪು ಮಾಡ್ಕೋರಿ.

ಮೊಘಲರ ಕಾಲಕ್ಕೆ ಇದು ಪಕ್ಕಾ ಕೆಲಸದ ಹಂಚಿಕೆ ಆಗಿತ್ತು. ಅಕ್ಬರನಾಮಾ ಹಸ್ತಪ್ರತಿಯ ಒಂದು ದೊಡ್ಡ ಭಾಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರ ಚಿತ್ರಗಳ ಕೆಳಗೆ ಗುಮಾಸ್ತರು ಹೆಸರು ಬರೆದಿಟ್ಟಿದ್ದಾರೆ. ಗೆರೆ ಹಾಕಿದವನ ಹೆಸರಿಗೆ ತರಹ್, ಬಣ್ಣ ತುಂಬಿದವನ ಹೆಸರಿಗೆ ಅಮಲ್. ಎಷ್ಟೋ ಚಿತ್ರಗಳಲ್ಲಿ ಗೆರೆ ಮಿಸ್ಕೀನ್‌ನಂಥ ಉಸ್ತಾದನದು, ಬಣ್ಣ ಅವನ ಕೈಕೆಳಗಿನವರದು. ನಾನು ಬಿ.ಕಾಂ. ಓದಿದವ, ಇಂಥ ರಿಜಿಸ್ಟರ್ ಕಂಡ್ರ ನನಗ ಭಾಳ ಖುಷಿ.

ಈಗ ಕಲ್ಲಿನ ಕಡೆ ಬರೋಣ. ಚಿತ್ರದ ಮಾತಿನಾಗ ಕಲ್ಲು ಯಾಕ ಅಂತೀರಾ? ನಮ್ಮ ಕಡೆ ಕಲ್ಲು ಬಿಟ್ಟು ಯಾವ ಮಾತೂ ನಡೆಯೋದಿಲ್ಲ.

ನಮ್ಮಲ್ಲಿ ಬಹಳ ಮಂದಿ ಮೊದಲ ಚಿತ್ರ ಬರೆದದ್ದು ಕಾಗದದ ಮೇಲೆ ಅಲ್ಲ, ಮನೆಯ ಶಹಾಬಾದ್ ಫರಶಿ ಮೇಲೆ, ಬಳಪದಲ್ಲಿ. ಈ ಕಲ್ಲು ಸುಣ್ಣದ ಕಲ್ಲು. ಪದರು ಪದರಾಗಿ ಏಳ್ತದ, ನಯವಾಗಿ ಇರ್ತದ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಿದ್ದೀರಾ? ಅಲ್ಲಿಯ ಬೌದ್ಧ ಸ್ತೂಪದ ಫಲಕಗಳು ಸ್ಥಳೀಯ ಸುಣ್ಣದ ಕಲ್ಲಿನವು. ರಾಯೊ ಅಸೋಕೊ ಅಂತ ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ. ಸುಮಾರು 2000 ವರ್ಷದ ಹಿಂದೆಯೇ ನಮ್ಮ ನೆಲದವರು ಈ ಕಲ್ಲಿನ ಮೇಲೆ ಕಥೆಗಳನ್ನು ಚಿತ್ರ ಮಾಡಿ ಹೇಳುತ್ತಿದ್ದರು.

ಇಂಥದೇ ಇನ್ನೊಂದು ಸುಣ್ಣದ ಕಲ್ಲು, ಜರ್ಮನಿಯ ಸೋಲ್ನ್‌ಹೋಫೆನ್ ಎಂಬ ಊರಿನದು, ಚಿತ್ರದ ವ್ಯಾಪಾರವನ್ನೇ ಬದಲಿಸಿತು. 1796ರ ಸುಮಾರಿಗೆ ಅಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರನಿಗೆ ತನ್ನ ನಾಟಕಗಳನ್ನು ಅಗ್ಗದಲ್ಲಿ ಅಚ್ಚು ಹಾಕಬೇಕಿತ್ತು. ನಯವಾದ ಆ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ನೀರು ಸವರಿ, ಮಸಿ ಹಚ್ಚಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಎಣ್ಣೆ ನೀರು ಕೂಡೋದಿಲ್ಲ, ಅಷ್ಟೇ ಗುಟ್ಟು. ಇದೇ ಕಲ್ಲಚ್ಚು, ಲಿಥೋಗ್ರಫಿ. ರಾಜಾ ರವಿವರ್ಮನ ದೇವರ ಚಿತ್ರಗಳು ಮನೆಮನೆಗೆ ಬಂದದ್ದು ಇದರಿಂದಲೇ. 1894ರಲ್ಲಿ ಅವನ ಪ್ರೆಸ್ಸು ಮುಂಬೈಯಲ್ಲಿ ಶುರುವಾಯಿತು. ಅಷ್ಟೊತ್ತಿಗೆ ಮುಂಬೈ ರೈಲು ಸೋಲಾಪುರ ದಾಟಿ ವಾಡಿ ಮೇಲೆ ರಾಯಚೂರಿಗೆ 1871ರಲ್ಲೇ ಬಂದಾಗಿತ್ತು, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಹೊರಟಾಗಿತ್ತು. ಮುಂಬೈಯಲ್ಲಿ ಅಚ್ಚಾದದ್ದು ನಮ್ಮ ಸಂತೆಗೆ ಬರಲಿಕ್ಕೆ ದಾರಿ ರೆಡಿ ಇತ್ತು.

ಇಲ್ಲಿ ಒಂದು ಕಾಸ್ಟಿಂಗ್ ಲೆಕ್ಕ ಹಾಕ್ರಿ. ಬಣ್ಣದ ಅಚ್ಚಿಗೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಹತ್ತು ಬಣ್ಣಕ್ಕೆ ಹತ್ತು ಕಲ್ಲು, ಒಂದೇ ಕಾಗದಕ್ಕೆ ಹತ್ತು ಸಲ ಅಚ್ಚು. ಬರೀ ಕಪ್ಪು ಗೆರೆ ಅಚ್ಚು ಹಾಕಿ, ಬಣ್ಣದ ಕೆಲಸವನ್ನು ಕೊಂಡವರ ಮಕ್ಕಳಿಗೇ ಬಿಟ್ಟರೆ? ಖರ್ಚು ಕಡಿಮೆ, ಮೇಲಾಗಿ ಮಗುವಿಗೆ ಆಟ. ಪ್ರಕಾಶಕರಿಗೆ ಇದಕ್ಕಿಂತ ಲಾಭದ ಸಾಮಾನು ಇಲ್ಲ ಅಂತ ನನ್ನ ಅಂದಾಜು. ನ್ಯೂಯಾರ್ಕಿನ ಮೆಕ್‌ಲಾಕ್ಲಿನ್ ಬ್ರದರ್ಸ್ 1879ರ ಸುಮಾರಿಗೆ ಕೇಟ್ ಗ್ರೀನವೇ ಅವರ ಗೆರೆಚಿತ್ರಗಳ ಪೇಂಟಿಂಗ್ ಬುಕ್ ತಂದರು. ಬಣ್ಣದ ಪುಸ್ತಕದ ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಂದ ಶುರು ಮಾಡ್ತಾರ. 1903ರಲ್ಲಿ ಕ್ರಯೋಲಾದ ಎಂಟು ಬಣ್ಣದ ಡಬ್ಬಿ ಐದು ಸೆಂಟಿಗೆ ಬಂತು. ನಮ್ಮಲ್ಲಿ ಮಸಿ ಪುಡಿ ಮಾರುತ್ತಾ 1931ರಲ್ಲಿ ಶುರುವಾದ ದಾಂಡೇಕರ್ ಸಹೋದರರ ಅಂಗಡಿಯೇ ಮುಂದೆ ಕ್ಯಾಮ್ಲಿನ್ ಆಯಿತು. ಒಂಟೆ ಗುರುತಿನ ಬಣ್ಣದ ಡಬ್ಬಿ ಹಿಡಿಯದ ಕೈ ನಮ್ಮ ಪೀಳಿಗೆಯಲ್ಲಿ ಅಪರೂಪ. ದೊಡ್ಡವರ ಬಣ್ಣದ ಪುಸ್ತಕದ ಹುಚ್ಚು ಹಬ್ಬಿದ್ದು ಇತ್ತೀಚೆಗೆ, 2013ರಲ್ಲಿ ಸ್ಕಾಟ್ಲೆಂಡಿನ ಜೊಹಾನಾ ಬಾಸ್‌ಫರ್ಡ್ ಅವರ ಸೀಕ್ರೆಟ್ ಗಾರ್ಡನ್ ಬಂದ ಮೇಲೆ.

ಪುಸ್ತಕ ಬಂತು, ಬಣ್ಣ ಬಂತು. ಜೊತೆಗೆ ಅವರ ತೋಳವೂ ಬಂತು.

ಯುರೋಪಿನ ಮಕ್ಕಳ ಕಥೆಯಲ್ಲಿ ತೋಳಕ್ಕೆ ಬಹಳ ಕಾಲದಿಂದ ವಿಲನ್ ಪಾತ್ರವೇ ಖಾಯಂ. ಕೆಂಪು ಟೋಪಿಯ ಹುಡುಗಿಯ ಕಥೆಯನ್ನು ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ; 1862ರಲ್ಲಿ ಅದಕ್ಕೆ ಗುಸ್ತಾವ್ ಡೊರೆ ಬರೆದ ಚಿತ್ರಗಳು ಲೋಕಪ್ರಸಿದ್ಧ. ಡಿಸ್ನಿಯ ಮೂರು ಹಂದಿಮರಿಗಳ ಸಿನಿಮಾ 1933ರದು. ಅದರಲ್ಲಿ ತೋಳ ಕಪ್ಪು ಮೈ, ಕೆಂಪು ಚಡ್ಡಿ. ನನ್ನ ಗೆಳೆಯ ಕಪ್ಪು ಅಂದಿದ್ದನಲ್ಲ, ಅದರ ಮೂಲ ಇಂಥ ಕಡೆ ಎಲ್ಲೋ ಇರಬೇಕು. ನಮ್ಮ ಅಮರ ಚಿತ್ರಕಥೆಯದೂ ಒಂದು ತಮಾಷೆ ಕೇಳ್ರಿ. ಅದರ ಇಂಗ್ಲಿಷ್ ಸಂಚಿಕೆ 11ರಿಂದ, ಕೃಷ್ಣನಿಂದ ಶುರು. ಮೊದಲ ಹತ್ತು ಪಾಶ್ಚಾತ್ಯ ಮಕ್ಕಳ ಕಥೆಗಳು. ಆ ಹತ್ತನ್ನು ಮೊದಲು ತಂದದ್ದು ಕನ್ನಡದಲ್ಲಿ, ಬೆಂಗಳೂರಿನಿಂದ ಅಂತ ಜಿ.ಕೆ. ಅನಂತರಾಮ್ ಹೇಳಿದ್ದಾರೆ.

ನಮ್ಮ ತೋಳದ ಪರವಾಗಿ ನಿಂತದ್ದು ಒಂದೇ ದೊಡ್ಡ ಪುಸ್ತಕ, ಕಿಪ್ಲಿಂಗ್‌ನ ಜಂಗಲ್ ಬುಕ್, 1894ರದು. ಕಥೆ ನಡೆಯೋದು ಮಧ್ಯಪ್ರದೇಶದ ಸಿವನಿ ಕಾಡಿನಲ್ಲಿ. ಅದಕ್ಕೆ ಚಿತ್ರ ಬರೆದವರಲ್ಲಿ ಒಬ್ಬರು ಲೇಖಕನ ಅಪ್ಪ ಲಾಕ್‌ವುಡ್ ಕಿಪ್ಲಿಂಗ್, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಪಾಠ ಮಾಡಿದವರು. 1993ರಲ್ಲಿ ದೂರದರ್ಶನದಾಗ ಮೋಗ್ಲಿ ಬಂದಾಗ ಭಾನುವಾರ ಮುಂಜಾನೆ ಓಣಿಯೆಲ್ಲ ಖಾಲಿ ಆಗ್ತಿತ್ತು ಅಂತ ನಮ್ಮ ಅಣ್ಣಂದಿರು ಹೇಳ್ತಾರ. ಆದರೆ ಆ ಕಾರ್ಟೂನು ಮಾಡಿದವರು ಜಪಾನಿನವರು. ಅಕೇಲಾ ಎಂಬ ಹೆಸರು ನಮ್ಮದು, ಟಿವಿಯ ಮೇಲೆ ಗೆರೆ ಮಾತ್ರ ಅವರದು.

ಹಂಗಾದ್ರ ನಮ್ಮ ತೋಳದ ನಿಜವಾದ ಬಣ್ಣ ಯಾವುದು? ಇದಕ್ಕೆ ಉತ್ತರ ಒಂದು ಹೆಸರಿನಲ್ಲೇ ಅಡಗಿದೆ. ನನಗ ಈ ಇಡೀ ಎಪಿಸೋಡಿನಲ್ಲಿ ಹೆಚ್ಚು ಇಷ್ಟವಾದ ಭಾಗ ಇದು.

ವಿಲಿಯಂ ಹೆನ್ರಿ ಸೈಕ್ಸ್ ಅಂತ ಒಬ್ಬ ಕಂಪನಿ ಸರ್ಕಾರದ ಸೈನ್ಯಾಧಿಕಾರಿ. 1824ರಲ್ಲಿ ಮುಂಬೈ ಸರ್ಕಾರ ಅವನಿಗೆ ದಖ್ಖನ್ನಿನ ಅಂಕಿಅಂಶ ಕೂಡಿಸುವ ಕೆಲಸ ಕೊಟ್ಟಿತು. ಜನ ಎಷ್ಟು, ಬೆಳೆ ಎಷ್ಟು ಅಂತ ಬರೆಯುತ್ತಾ ಬರೆಯುತ್ತಾ ಅವನು ಹಕ್ಕಿ, ಮೀನು, ಪ್ರಾಣಿ ಎಲ್ಲವನ್ನೂ ಪಟ್ಟಿ ಮಾಡಿದ. 1831ರಲ್ಲಿ ಲಂಡನ್ನಿನಲ್ಲಿ ದಖ್ಖನ್ನಿನ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ನಮ್ಮ ತೋಳಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು ಅದರಲ್ಲಿ: ಕ್ಯಾನಿಸ್ ಪ್ಯಾಲಿಪೆಸ್. ಲ್ಯಾಟಿನ್‌ನಲ್ಲಿ ಪ್ಯಾಲಿಪೆಸ್ ಅಂದರೆ ಮಸುಕು ಬಣ್ಣದ ಕಾಲಿನದು. ಸೈಕ್ಸ್ ಸುತ್ತಿದ ದಖ್ಖನ್ ಹೆಚ್ಚಾಗಿ ಪುಣೆ, ಅಹಮದ್‌ನಗರ ಕಡೆಯದು. ನಮ್ಮ ಸೇಡಂ, ಚಿಂಚೋಳಿ ಆಗ ನಿಜಾಮರ ಸೀಮೆ. ಆದರೂ ಅದೇ ಪ್ರಸ್ಥಭೂಮಿ, ಅದೇ ಕುರುಚಲು, ಅದೇ ತೋಳ. ಲೋಕದ ತೋಳಗಳ ನಡುವೆ ನಮ್ಮದಕ್ಕೆ ಗುರುತು ಸಿಕ್ಕಿದ್ದು ಅದರ ಕಾಲಿನ ಬಣ್ಣದಿಂದ!

ಬಾಕಿ ಮೈ ಬಣ್ಣ ಹೇಳ್ತೀನಿ, ಪೆನ್ಸಿಲ್ ಡಬ್ಬಿ ಹತ್ತಿರ ಇಟ್ಟುಕೊಂಡು ಕೇಳ್ರಿ. ಮೈ ಒಣಹುಲ್ಲಿನ ಕಂದು, ಅದರ ಮೇಲೆ ಬೂದಿ ಚಿಮುಕಿಸಿದ ಹಾಗೆ. ಬೆನ್ನಿನ ಕೂದಲಿನ ತುದಿ ಕಪ್ಪು. ಹೊಟ್ಟೆ, ಕಾಲಿನ ಒಳಭಾಗ ಕೆನೆ ಬಿಳಿ. ಬಾಲದ ತುದಿ ಕಪ್ಪು. ಕಣ್ಣು ಜೇನಿನ ಬಣ್ಣ. ಹಿಮದ ದೇಶದ ತೋಳದ ಹಾಗೆ ಒಳತುಪ್ಪಳ ಇರೋದಿಲ್ಲ, ಆದ್ದರಿಂದ ಸಪೂರ ಕಾಣ್ತದ, ಕಾಲು ಉದ್ದ ಕಾಣ್ತಾವ. ತೂಕ ಸುಮಾರು 20ರಿಂದ 25 ಕಿಲೋ. ಮರಿ ಹುಟ್ಟುವಾಗ ಹೊಗೆ ಹಿಡಿದಂಥ ಕಡುಕಂದು, ಎದೆ ಮೇಲೆ ಹಾಲಿನ ಬಿಳುಪಿನ ಒಂದು ಮಚ್ಚೆ. ಬೆಳೆದಂತೆ ಆ ಮಚ್ಚೆ ಮಾಸಿ ಹೋಗ್ತದ. 2021ರಲ್ಲಿ ಪ್ರಕಟವಾದ ಒಂದು ಜೀನೋಮ್ ಅಧ್ಯಯನ, ಭಾರತದ ಈ ತೋಳದ ವಂಶ ಲೋಕದ ಬದುಕಿರುವ ತೋಳಗಳಲ್ಲೇ ಅತಿ ಹಳೆಯದರಲ್ಲಿ ಒಂದು ಅಂತ ಹೇಳಿತು.

ಇಷ್ಟು ಹಳೆಯ ಪ್ರಾಣಿಗೆ ನಾವು ಏನು ಮಾಡಿದೆವು ಅನ್ನೋದಕ್ಕೆ ಒಂದು ಗಾದೆ ಸಾಕು: ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಭಾಷೆಯಲ್ಲಿ ತೋಳ ಅಂದರೆ ಹಸಿವು. ಭೀಮನಿಗೆ ವೃಕೋದರ ಅಂತ ಹೆಸರು. ವೃಕ ಅಂದರೆ ತೋಳ, ತೋಳದ ಹೊಟ್ಟೆಯವನು. ಕುರಿ ಕಾಯುವವನ ಸಿಟ್ಟು ನನಗ ಅರ್ಥ ಆಗ್ತದ, ಒಂದು ಕುರಿ ಹೋದರೆ ಅವನ ತಿಂಗಳ ಲೆಕ್ಕ ತಪ್ಪುತ್ತದೆ. ಆದರೆ ಬ್ರಿಟಿಷರು ಸಿಟ್ಟಿಗೆ ಅಲ್ಲ, ವೋಚರ್ ಮೇಲೆ ಕೊಂದರು. ತೋಳ ಕೊಂದು ತಂದು ತೋರಿಸಿದರೆ ಸರ್ಕಾರಿ ಇನಾಮು. ಇತಿಹಾಸಕಾರ ಮಹೇಶ್ ರಂಗರಾಜನ್ ಆ ಕಾಲದ ದಾಖಲೆಗಳಿಂದ ತೆಗೆದ ಲೆಕ್ಕದ ಪ್ರಕಾರ 1875ರಿಂದ 1925ರವರೆಗೆ 50 ವರ್ಷದಲ್ಲಿ ಕೊಂದ ಹುಲಿಗಳು 80 ಸಾವಿರಕ್ಕೂ ಹೆಚ್ಚು, ತೋಳಗಳು ಸುಮಾರು 2 ಲಕ್ಷ. ಹುಲಿಯ ಲೆಕ್ಕ ಎಲ್ಲರೂ ಹೇಳ್ತಾರ. ತೋಳದ್ದು ಯಾರಾದರೂ ಹೇಳಿದ್ದು ಕೇಳೀರೇನು?

ಈಗ ದೇಶದಲ್ಲಿ ಉಳಿದಿರುವ ದೊಡ್ಡ ತೋಳಗಳು ಸುಮಾರು 3,100 ಅಂತ 2022ರ ಒಂದು ಅಂದಾಜು. ಹುಲಿಗೆ ಸಮ. ಕಾನೂನಿನಲ್ಲೂ ಹುಲಿಯ ಸಾಲಿನಲ್ಲೇ ಇದೆ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ. ಮಂಡ್ಯದ ಮೇಲುಕೋಟೆಯಲ್ಲಿ 1974ರಲ್ಲೇ ತೋಳಕ್ಕಾಗಿ ಅಭಯಾರಣ್ಯ ಮಾಡಿದ್ದರು. ಇತ್ತೀಚೆಗೆ ಕೊಪ್ಪಳದ ಬಂಕಾಪುರದಲ್ಲೂ ತೋಳಧಾಮ ಆಗಿದೆ. ಆದರೆ ಹುಲಿಯ ಹಾಗೆ ತೋಳ ದಟ್ಟ ಕಾಡಿನದಲ್ಲ. ಅದಕ್ಕೆ ಬೇಕಾದದ್ದು ಹುಲ್ಲು, ಕುರುಚಲು, ಖಾಲಿ ಬಯಲು. ಆ ಬಯಲಿಗೆ ಸರ್ಕಾರಿ ನಕ್ಷೆಯಲ್ಲಿ ಏನಂತಾರೆ ಗೊತ್ತಾ? ಪಾಳು ಭೂಮಿ. ನಕ್ಷೆಯಲ್ಲೂ ಯಾರೋ ಬಣ್ಣ ಹಚ್ಚಿರ್ತಾರ, ನೋಡ್ರಿ. ಕಾಡಿಗೆ ಹಸಿರು ಅಂತ ಹಚ್ಚಿದ ಮೇಲೆ ಇಂಥ ನೆಲ ಬರೀ ಖಾಲಿ ಜಾಗ ಆಗಿಬಿಡ್ತದ. ಖಾಲಿ ಜಾಗಕ್ಕ ಖಣಿ ಬರಬಹುದು, ಲೇಔಟ್ ಬರಬಹುದು, ಯಾರೂ ಕೇಳೋದಿಲ್ಲ. ಸಿಮೆಂಟು ನಮ್ಮ ಊರುಗಳಿಗೆ ಅನ್ನ ಕೊಟ್ಟಿದೆ, ಅದನ್ನ ನಾನು ಬೈಯೋದಿಲ್ಲ. ಆದರೆ ಪಾಳು ಅಂತ ಕರೆಯೋ ಮೊದಲು ಅಲ್ಲಿ ಯಾರು ಮರಿ ಹಾಕ್ಯಾರ ಅಂತ ಒಮ್ಮೆ ನೋಡಬೇಕಲ್ಲ.

ಚಿತ್ತಾಪುರ ಕಡೆಯ ಒಬ್ಬ ಶಾಲಾ ಶಿಕ್ಷಕಿ, ಈ ಕಾರ್ಯಕ್ರಮ ಕೇಳುವವರು, ವಾಟ್ಸಾಪ್ ಮಾಡಿದ್ದರು. "ತಮ್ಮಾ, ಅಕ್ಟೋಬರ್ 2ರಿಂದ 8 ವನ್ಯಜೀವಿ ಸಪ್ತಾಹ ಅದ. ಬಣ್ಣ ಹಚ್ಚಲಿಕ್ಕೆ ತೋಳದ ಚಿತ್ರ ಬೇಕು. ಒಂದನೇತ್ತದವರಿಗೆ ಸುಲಭದ್ದು, ಏಳನೇತ್ತದವರಿಗೆ ಬ್ಯಾರೆ, ತಾಯಂದಿರೂ ಬರ್ತಾರ, ಅವರಿಗೊಂದು. ನೆಟ್‌ನಾಗಿಂದು ಬ್ಯಾಡ." ನನಗ ಚಿತ್ರ ಬರೆಯಲಿಕ್ಕೆ ಬರೋದಿಲ್ಲ, ಬರೆಯುವ ಗೆಳೆಯ ಇದ್ದಾನೆ. ಅವನ ಜೊತೆ ಚಿಂಚೋಳಿ ಕಡೆ ಕುರಿ ಮೇಯಿಸುವ ಒಬ್ಬ ಹಿರಿಯರ ಹತ್ತಿರ ಹೋದೆವು. ನೆಟ್‌ನಲ್ಲಿ ಸಿಕ್ಕ ಒಂದು ತೋಳದ ಪ್ರಿಂಟ್ ತೋರಿಸಿದೆವು. ಕಾಕಾ ಕನ್ನಡಕ ಏರಿಸಿ ನೋಡಿ, "ಇದು ನಾಯಿ ಐತಲ್ಲೋ ತಮ್ಮಾ" ಅಂದರು. ಬಾಲ ಮೇಲಕ್ಕ ಸುರುಳಿ ಇತ್ತು. "ತ್ವಾಳ ಬಾಲ ಕೆಳಗ ಬಿಟ್ಟು ಹೋಗ್ತದ. ಓಡೋದಿಲ್ಲ, ಸುಮ್ನ ನಡೀತದ, ಹಿಂದಕ್ಕ ತಿರುಗಿ ನಿನ್ನನ್ನ ಒಮ್ಮೆ ನೋಡ್ತದ." ಕುರಿ ಹೋದಾಗ ಪರಿಹಾರದ ಅರ್ಜಿ ಹಾಕಿದ್ರೇನು ಅಂತ ಕೇಳಿದ್ದಕ್ಕ ನಕ್ಕರು. ಅರ್ಜಿ ಬರೆಯಲಿಕ್ಕೆ ಹೋಗೋ ದಿನ ಕುರಿ ಯಾರು ಕಾಯಬೇಕು ಅಂದರು.

ಹಿಂತಿರುಗಿ ನೋಡುವ ಆ ನೋಟವನ್ನೇ ಗೆಳೆಯ ದೊಡ್ಡವರ ಚಿತ್ರಕ್ಕೆ ಹಿಡಿದ. ಮೈಯ ಕೂದಲು ಬೆನ್ನಿನ ಮೇಲೆ ಮಾತ್ರ ಸಣ್ಣ ಸಣ್ಣ ಗೆರೆ, ಉಳಿದ ಕಡೆ ಖಾಲಿ. ಸುತ್ತ ಮಂಡಲ ಇಲ್ಲ, ಹೂಬಿಟ್ಟ ತೊಗರಿ ಸಾಲು. ಮಧ್ಯಮ ಮಟ್ಟದ್ದಕ್ಕೆ ಶಹಾಬಾದ್ ಕಲ್ಲಿನ ಹಳೇ ಖಣಿ, ಪದರು ಪದರು ಅಂಚು, ಅದರ ಮೇಲೆ ಎರಡು ತೋಳ. ಸಣ್ಣವರಿಗೆ ಗವಿಯ ಬಾಯಲ್ಲಿ ಒಂದು ಮರಿ, ಗೆರೆ ಬೆರಳಿನಷ್ಟು ದಪ್ಪ. ಮೂರರಲ್ಲೂ ಚಂದ್ರ ಇಲ್ಲ. ಚಂದ್ರ ಬೇಕು ಅಂತ ಗೆಳೆಯ ಹಟ ಮಾಡಿದ, ಕಡೆಗೆ ಹಗಲೇ ಗೆದ್ದಿತು.

ಮೂರೂ ಹಾಳೆ ಈ ಬರಹದ ಜೊತೆ ಇವೆ. ಊರಿನ ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲೇ ಪ್ರಿಂಟ್ ತೆಗೆಸ್ರಿ. ಚಿಂಚೋಳಿಯವರು ನೆಲಕ್ಕೆ ಕೆಂಪು ಹಚ್ಚಿರಿ, ಅಲ್ಲಿಯ ಮುರ್ರಂ ಮಣ್ಣು ಹಂಗೇ ಅದ. ಸೇಡಂನವರು ಎರೆಯ ಕಪ್ಪು. ಶಹಾಬಾದ್, ವಾಡಿಯವರು ಕಲ್ಲಿನ ಬೂದಿ ನೀಲಿ. ನೀಲಿ ಕಲ್ಲಿಗೆ ಮಾತ್ರ, ತೋಳಕ್ಕಲ್ಲ. ಕಾಲಿಗೆ ಬಂದಾಗ ಪೆನ್ಸಿಲ್ ಒತ್ತಬ್ಯಾಡ್ರಿ, ಹಗುರ ಒಂದು ಸಲ ಸವರಿ ಬಿಡ್ರಿ. ಮರಿಯ ಎದೆಯ ಮಚ್ಚೆಗೆ ಏನೂ ಹಚ್ಚೋದು ಬೇಕಾಗಿಲ್ಲ, ಕಾಗದದ ಬಿಳಿಯೇ ಸಾಕು.